ಗೋಬರ್ ಗ್ಯಾಸ್ ನೋಡಬೇಕಾದರೆ ಬೆಳಗ್ಗೆ ಆರಕ್ಕೇ ಕೊಟ್ಟಿಗೆಯಲ್ಲಿರಿ

ಪ್ರಶ್ನೆ: ನಾವು ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟಿನ ಎಂಟು ಕುಟುಂಬದವರು. ಮಕ್ಕಳೂ ಸೇರಿ ಇಪ್ಪತ್ತೈದು ಜನ. ಗೋಬರ್ ಗ್ಯಾಸ್, ಹೊಗೆಯಿಲ್ಲದ ಒಲೆ, ಸೋಲಾರ್ ದೀಪ, ಮಳೆನೀರು ಸಂಗ್ರಹ ಇವನ್ನೆಲ್ಲ ಹಳ್ಳಿ ಮನೆಗಳಲ್ಲಿ ದಿನಾ ಹೇಗೆ ಬಳಸುತ್ತಾರೆ ಅಂತ ಮಕ್ಕಳಿಗೆ ತೋರಿಸಬೇಕು ಅಂತಿದ್ದೇವೆ. ಡಿಸೆಂಬರ್ ರಜೆಯಲ್ಲಿ ಹೊರಡುವ ಯೋಚನೆ. ಎಲ್ಲಿಗೆ ಹೋಗಬೇಕು? ಯಾರನ್ನು ಕೇಳಬೇಕು? ಏನು ನೋಡಬೇಕು? ಇನ್ನೊಬ್ಬರ ಮನೆಗೆ ನುಗ್ಗಿ ತೊಂದರೆ ಕೊಟ್ಟ ಹಾಗಾಗುತ್ತದೇನೋ ಅನ್ನುವ ಅಳುಕೂ ಇದೆ.

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಅಳುಕು ಹಾಗೇ ಇರಲಿ, ಅದು ಒಳ್ಳೆಯದು.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು, ಶಿರಸಿ, ಸಿದ್ದಾಪುರ ಕಡೆ ಗೋಬರ್ ಗ್ಯಾಸ್ ಕಟ್ಟಿಸುವುದು, ಒಲೆ ಹಾಕಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡಿಸುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಒಮ್ಮೆ ನಲವತ್ತು ಜನ ಕಾಲೇಜು ಹುಡುಗರನ್ನು ಬಸ್ಸಿನಲ್ಲಿ ಒಂದೇ ಮನೆಗೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಹನ್ನೊಂದು ಗಂಟೆ. ಮನೆಯ ಅಮ್ಮ ಎಲ್ಲರಿಗೂ ಉಪ್ಪಿಟ್ಟು, ಚಹಾ ಮಾಡಲು ನಿಂತರು. ಅದು ದಿನಕ್ಕೆ 2 ಘನ ಮೀಟರ್ ಗ್ಯಾಸ್ ಮಾಡುವ ಗೋಬರ್ ಗ್ಯಾಸ್ ಸ್ಥಾವರ. ಮನೆಯ ಆರು ಜನರ ಒಂದು ದಿನದ ಅಡುಗೆಗೆ ಸರಿಹೋಗುವಷ್ಟು ಗ್ಯಾಸ್ ಕೊಡುತ್ತದೆ, ಅಷ್ಟೇ. ಎರಡನೇ ಪಾತ್ರೆ ಇಡುವ ಹೊತ್ತಿಗೆ ಉರಿ ಸಣ್ಣಗಾಯಿತು. ನಾನು ಅಂಗಳದಲ್ಲಿ ನಿಂತು ಹುಡುಗರಿಗೆ ವಿವರಿಸುತ್ತಿದ್ದೆ, ಆ ಅಮ್ಮ ಹಿತ್ತಿಲ ಕಡೆ ಸೌದೆ ಒಲೆ ಊದುತ್ತಿದ್ದರು. ಅವರ ಊಟ ಆಗಿದ್ದು ಮೂರು ಗಂಟೆಗೆ. ಆ ದಿನದ ಬೇಸರ ನನಗೆ ಇವತ್ತಿಗೂ ಇದೆ. ಅದಾದ ಮೇಲೆ ಒಂದು ಮನೆಗೆ ಆರು ಜನರಿಗಿಂತ ಜಾಸ್ತಿ ಯಾರನ್ನೂ ಕರೆದುಕೊಂಡು ಹೋಗಿಲ್ಲ.

ಹಾಗಾಗಿ ನಿಮ್ಮ ಇಪ್ಪತ್ತೈದು ಜನರನ್ನು ಐದು ಗುಂಪು ಮಾಡಿ. ಐದು ಬೇರೆ ಬೇರೆ ಮನೆ. ಸಂಜೆ ಒಂದು ಕಡೆ ಸೇರಿ, ಯಾವ ಮನೆಯಲ್ಲಿ ಏನು ಕಂಡಿರಿ ಅಂತ ಮಕ್ಕಳೇ ಒಬ್ಬರಿಗೊಬ್ಬರು ಹೇಳಲಿ. ಐದು ಮನೆಯ ಕತೆಯೂ ಐದು ಥರ ಇರುತ್ತದೆ.

ಇನ್ನು ಹೊತ್ತು. ಹೋಗುವವರು ಸಾಮಾನ್ಯವಾಗಿ ಹತ್ತು, ಹನ್ನೊಂದಕ್ಕೆ ತಲುಪುತ್ತಾರೆ. ಅಷ್ಟೊತ್ತಿಗೆ ಕೆಲಸ ಮುಗಿದಿರುತ್ತದೆ. ಕಾಣುವುದು ನೆಲದಿಂದ ಚೂರು ಮೇಲೆದ್ದ ಸಿಮೆಂಟಿನ ಗುಮ್ಮಟ, ಒಂದು ಪೈಪು, ಒಂದು ಒಲೆ. ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಮಕ್ಕಳು ಮೊಬೈಲ್ ಹಿಡಿಯುತ್ತಾರೆ. ಅವರ ತಪ್ಪಲ್ಲ, ನೋಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಸಾಮಾನನ್ನು ನೋಡುವುದಕ್ಕಿಂತ ಅದನ್ನು ದಿನಾ ನೋಡಿಕೊಳ್ಳುವವರ ಕೈಯನ್ನು ನೋಡಬೇಕು. ಅದಕ್ಕೆ ಹಿಂದಿನ ರಾತ್ರಿಯೇ ಊರಿನಲ್ಲಿರಿ. ಬೆಳಗ್ಗೆ ಆರಕ್ಕೆ ಕೊಟ್ಟಿಗೆಗೆ ಹೋಗಿ.

ಸಿದ್ದಾಪುರದ ಹತ್ತಿರದ ಒಂದು ಮನೆಯಲ್ಲಿ ನಾನು ಹತ್ತಾರು ಸಲ ನೋಡಿದ್ದನ್ನು ಹೇಳುತ್ತೇನೆ. ಆ ಮನೆಯ ಅಕ್ಕ ಹಾಲು ಕರೆದಾದ ಮೇಲೆ ಎರಡು ಬುಟ್ಟಿ ಸಗಣಿ ತಂದು ಸ್ಥಾವರದ ಬಾಯಿಯ ತೊಟ್ಟಿಗೆ ಹಾಕುತ್ತಾರೆ. ಸಗಣಿ ಎಷ್ಟೋ ನೀರೂ ಅಷ್ಟೇ. ಆಮೇಲೆ ಮೊಣಕೈವರೆಗೆ ಕೈ ಹಾಕಿ ಕಲಸುತ್ತಾರೆ. ಕೋಲಿನಿಂದ ಯಾಕೆ ಕಲಸುವುದಿಲ್ಲ ಅಂತ ಕೇಳಿದ್ದೆ. ಕೋಲಿಗೆ ಕಡ್ಡಿ ಗೊತ್ತಾಗುವುದಿಲ್ಲ ಅಂದರು. ಹುಲ್ಲಿನ ಕಡ್ಡಿ, ಸಣ್ಣ ಕಲ್ಲು, ಸೊಪ್ಪಿನ ನಾರು ಎಲ್ಲ ಬೆರಳಿಗೇ ಸಿಗಬೇಕು. ಅವು ಒಳಗೆ ಹೋದರೆ ಮೇಲೆ ತೇಲಿ ಕೆನೆಗಟ್ಟುತ್ತವೆ, ಇಲ್ಲವೇ ತಳದಲ್ಲಿ ಕೂರುತ್ತವೆ. ಎರಡರಿಂದಲೂ ಗ್ಯಾಸ್ ಕಡಿಮೆ. ಕಲಸಿದ್ದು ಮಜ್ಜಿಗೆ ಹುಳಿಯ ಹದಕ್ಕೆ ಬಂದಾಗ ಅಡ್ಡ ಇಟ್ಟ ಬಿರಡೆ ಎಳೆಯುತ್ತಾರೆ, ಗುಳುಗುಳು ಅಂತ ಒಳಗೆ ಇಳಿಯುತ್ತದೆ. ಆಚೆ ಬದಿಯಲ್ಲಿ ಅಷ್ಟೇ ಸ್ಲರಿ, ಅಂದರೆ ಗ್ಯಾಸ್ ಬಿಟ್ಟು ಉಳಿದ ಸಗಣಿ ರಾಡಿ, ಉಕ್ಕಿ ಹೊರಗೆ ಬರುತ್ತದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಒಂದು ಸಲ ಒಲೆಯ ಉರಿ ಬಿಟ್ಟು ಬಿಟ್ಟು ಹೊಡೆದುಕೊಳ್ಳುತ್ತಿತ್ತು. ಅವರು ಕಿಟಕಿ ಕೆಳಗಿನ ಪೈಪಿನ ಸಣ್ಣ ನಲ್ಲಿ ತಿರುಗಿಸಿದರು. ಅರ್ಧ ಲೋಟ ನೀರು ಬಂತು. ಗ್ಯಾಸಿನ ಜೊತೆ ಬಂದ ಹಬೆ ತಣಿದು ಪೈಪಿನಲ್ಲಿ ನೀರಾಗಿ ಕೂತಿತ್ತು. ನಲ್ಲಿ ಮುಚ್ಚಿದರು, ಉರಿ ನೀಲಿಗೆ ಬಂತು. ಅದನ್ನು ನಿಮ್ಮ ಮಕ್ಕಳು ಕಣ್ಣಾರೆ ನೋಡಬೇಕು.

ಮಕ್ಕಳು ಹೇಗೂ ಲೆಕ್ಕ ಕೇಳುತ್ತಾರೆ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. 2 ಘನ ಮೀಟರ್ ಅಂದರೆ 2,000 ಲೀಟರ್, ಹಾಗಾಗಿ ದಿನಕ್ಕೆ 50 ಕಿಲೋ ಸಗಣಿ ಬೇಕು. ದೊಡ್ಡ ಹಸುವೋ ಎಮ್ಮೆಯೋ ಇದ್ದರೆ ನಾಲ್ಕೈದು ಸಾಕು. ಮಲೆನಾಡು ಗಿಡ್ಡ ಚಿಕ್ಕ ದನ, ಅದರ ಸಗಣಿ ಎಮ್ಮೆಯ ಅರ್ಧವೂ ಆಗುವುದಿಲ್ಲ. ಗಿಡ್ಡ ಮಾತ್ರ ಇರುವ ಮನೆಗೆ ದನದ ಸಂಖ್ಯೆ ಜಾಸ್ತಿ ಬೇಕು. ಬರುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್, ಉರಿಯುವುದು ಅದೇ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ, ಯಾಕೆಂದರೆ ಒಳಗಿನ ಸೂಕ್ಷ್ಮಜೀವಿಗಳಿಗೆ ಬಿಸಿ ಬೇಕು. ನೀವು ಹೋಗುವುದು ಡಿಸೆಂಬರಿನಲ್ಲಿ. ಉರಿ ಸಣ್ಣದಿದ್ದರೆ ಸ್ಥಾವರ ಸರಿಯಿಲ್ಲ ಅಂದುಕೊಳ್ಳಬೇಡಿ.

ಎಲ್ಲಿಗೆ ಅಂದರೆ ನಾನು ಮೊದಲು ಹೇಳುವುದು ಉತ್ತರ ಕನ್ನಡದ ಶಿರಸಿ, ಸಿದ್ದಾಪುರವನ್ನೇ. ನನ್ನ ಊರ ಕಡೆ ಅಂತಲ್ಲ. ಕೇಂದ್ರ ಸರ್ಕಾರದ ಗೋಬರ್ ಗ್ಯಾಸ್ ಯೋಜನೆ 1981-82ರಲ್ಲಿ ಶುರುವಾಯಿತು. ಎಷ್ಟೋ ಕಡೆ ಸಬ್ಸಿಡಿಗೆ ಕಟ್ಟಿದ್ದು ಕೆಲವೇ ವರ್ಷದಲ್ಲಿ ಪಾಳು ಬಿತ್ತು. ಇಲ್ಲಿ ಉಳಿಯಿತು. ಅದಕ್ಕೆ ಕಾರಣ ಅಡಿಕೆ ತೋಟ. ತೋಟಕ್ಕೆ ಗೊಬ್ಬರ ಬೇಕೇ ಬೇಕು, ಅದಕ್ಕಾಗಿಯೇ ದನ ಸಾಕುತ್ತಿದ್ದರು. ದನ ಕೊಟ್ಟಿಗೆಯಲ್ಲೇ ಇರುತ್ತದೆ, ಸಗಣಿ ಒಂದೇ ಕಡೆ ಸಿಗುತ್ತದೆ. ನೀರಿಗೆ ಬರವಿಲ್ಲ. ಮೊದಲೆಲ್ಲ ಬೆಟ್ಟದಿಂದ ಸೊಪ್ಪು ತಂದು ದನದ ಕಾಲಡಿ ಹಾಸಿ ಗೊಬ್ಬರ ಮಾಡುತ್ತಿದ್ದರು. ಗೋಬರ್ ಗ್ಯಾಸ್ ಬಂದ ಮೇಲೆ ಸಗಣಿಗೆ ಸೊಪ್ಪು ಬೆರೆಸುವ ಹಾಗಿಲ್ಲ. ಹಾಗಾದರೆ ಗೊಬ್ಬರ ಕಡಿಮೆ ಆಗುತ್ತದಲ್ಲ ಅನ್ನುವ ಹೆದರಿಕೆ ಎಷ್ಟೋ ಯಜಮಾನರಿಗಿತ್ತು. ಆಮೇಲೆ ದಾರಿ ಕಂಡುಕೊಂಡರು. ಗುಂಡಿಯಲ್ಲಿ ದರಕು, ಅಂದರೆ ಒಣ ಎಲೆ, ಹರಡಿ ಅದರ ಮೇಲೆ ಸ್ಲರಿ ಬಿಡುತ್ತಾರೆ. ಮತ್ತೆ ದರಕು, ಮತ್ತೆ ಸ್ಲರಿ. ಆ ಗೊಬ್ಬರ ಗುಂಡಿಯನ್ನು ಮರೆಯದೆ ನೋಡಿ. ಈ ಕಡೆ ಸ್ಥಾವರ ಉಳಿದದ್ದು ಒಲೆಯಿಂದ ಎಷ್ಟೋ, ಈ ಗುಂಡಿಯಿಂದಲೂ ಅಷ್ಟೇ.

ಮನೆಗಳನ್ನು ಹುಡುಕುವುದು ಹೇಗೆ? ದೊಡ್ಡ ಆಫೀಸಿಗೆ ಪತ್ರ ಬರೆದರೆ ಎಲ್ಲರಿಗೂ ತೋರಿಸುವ ಅದೇ ಒಂದು ಮನೆಗೆ ಕಳಿಸುತ್ತಾರೆ. ಆ ಮನೆಯವರಿಗೂ ಸಾಕಾಗಿರುತ್ತದೆ. ಅದರ ಬದಲು ಊರಿನ ಹಾಲಿನ ಡೇರಿಯ ಕಾರ್ಯದರ್ಶಿಯನ್ನು ಕೇಳಿ. ಯಾರ ಮನೆಯಲ್ಲಿ ಎಷ್ಟು ದನ ಅಂತ ಅವರಿಗೆ ಬಾಯಿಪಾಠ. ಇನ್ನೊಬ್ಬರು ಗೋಬರ್ ಗ್ಯಾಸ್ ಕಟ್ಟುವ ಮೇಸ್ತ್ರಿ. ಗುಮ್ಮಟ ಕಟ್ಟುವುದು ಎಲ್ಲ ಗೌಂಡಿಗೂ ಬರುವ ಕೆಲಸ ಅಲ್ಲ. ಕೂದಲೆಳೆಯಷ್ಟು ಬಿರುಕು ಬಿದ್ದರೂ ಗ್ಯಾಸ್ ನಿಲ್ಲುವುದಿಲ್ಲ. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಗ್ಯಾಸ್ ಹಿಡಿದಿಡುವ ಕಬ್ಬಿಣದ ಡ್ರಮ್ಮೇ ಇಲ್ಲ, ಇಡೀ ಭಾರ ಆ ಇಟ್ಟಿಗೆ ಗುಮ್ಮಟದ ಮೇಲೇ. ಒಬ್ಬ ಮೇಸ್ತ್ರಿಯನ್ನು ಅರ್ಧ ದಿನ ಜೊತೆಗೆ ಕರೆದುಕೊಂಡು ಹೋಗಿ. ಅವರ ಆ ದಿನದ ಕೂಲಿ ಪೂರ್ತಿ ಕೊಡಿ. ನನ್ನ ಹತ್ತು ಭಾಷಣಕ್ಕಿಂತ ಅವರ ಒಂದು ಮಾತು ಮಕ್ಕಳ ತಲೆಗೆ ಬೇಗ ಹೋಗುತ್ತದೆ.

ಅವರ ಹತ್ತಿರ ಇದನ್ನೂ ಕೇಳಿ: ನಿಂತುಹೋದ ಸ್ಥಾವರ ಎಲ್ಲಿದೆ? ಖಂಡಿತ ಒಂದಾದರೂ ಇರುತ್ತದೆ. ಮಕ್ಕಳು ಪಟ್ಟಣ ಸೇರಿದ್ದಾರೆ, ಮನೆಯಲ್ಲಿ ಇಬ್ಬರೇ ವಯಸ್ಸಾದವರು, ದನ ಮಾರಿದ್ದಾರೆ, ಗುಮ್ಮಟದ ಮೇಲೆ ಅಡಿಕೆ ಹರಡಿದ್ದಾರೆ. ಅದನ್ನೂ ನೋಡಿ ಬನ್ನಿ. ಸ್ಥಾವರ ಕೆಟ್ಟಿರುವುದಿಲ್ಲ, ಅದಕ್ಕೆ ಬೇಕಾದ ಮನೆಯ ಬದುಕು ಬದಲಾಗಿರುತ್ತದೆ. ಹಾಗೆಯೇ ತೋಟದ ಕೆಲಸಕ್ಕೆ ಬರುವವರ ಮನೆಗೂ, ಅವರು ಒಪ್ಪಿದರೆ, ಹೋಗಿ. ದನ ಇಲ್ಲದವರಿಗೆ ಗೋಬರ್ ಗ್ಯಾಸ್ ಇಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡಬೇಡಿ.

ಅಂಥ ಮನೆಗಳಿಗೆ ಹೆಚ್ಚು ಸಂಬಂಧಪಟ್ಟದ್ದು ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ಘಟಕ ಶುರು ಮಾಡಿದರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಇವತ್ತಿಗೂ ಹಳ್ಳಿಯಲ್ಲಿ ಅದೇ ಹೆಸರು. ಒಂದೇ ಉರಿಗೆ ಮೂರು ಪಾತ್ರೆ, ಹಿಂದೆ ಹೊಗೆ ಕೊಳವೆ. ಒಲೆಯ ಒಳಗೆ ಜಾಲರಿ ಇದೆ, ಗಾಳಿ ಕೆಳಗಿನಿಂದ ಬಂದು ಸೌದೆ ಪೂರ್ತಿ ಉರಿಯುತ್ತದೆ. ಅಳತೆ ತಪ್ಪದೆ ಕಟ್ಟಿದರೆ ಮೂರು ಕಲ್ಲಿನ ಒಲೆಗಿಂತ ಸೌದೆ ತುಂಬಾ ಉಳಿಯುತ್ತದೆ, ಅಡುಗೆಮನೆಯಲ್ಲಿ ಕಣ್ಣು ಉರಿಯುವುದಿಲ್ಲ. ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಯ ಕಾರ್ಯಕ್ರಮ ತಂದಾಗ ಕರ್ನಾಟಕದಲ್ಲಿ ಹರಡಿದ್ದು ಹೆಚ್ಚಾಗಿ ಇದೇ.

ಆದರೆ ಎಷ್ಟೋ ಅಸ್ತ್ರ ಒಲೆಗಳನ್ನು ಜನ ಒಡೆದು ಹಾಕಿದ್ದಾರೆ. ಯಾಕೆ ಅಂತ ಅಡುಗೆ ಮಾಡುವವರನ್ನೇ ಕೇಳಿ. ನನಗೆ ಸಿಕ್ಕ ಉತ್ತರಗಳಲ್ಲಿ ಒಂದೂ ಸುಮ್ನೆ ಹೇಳಿದ್ದಲ್ಲ. ಕುಣಿಗಲ್ ಕಡೆಯ ಒಬ್ಬ ಅಜ್ಜಿ ಹೇಳಿದ್ದು, ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡುತ್ತದೆ ಅಂತ. ಮುದ್ದೆ ಕೋಲು ಹಿಡಿದು ಎರಡೂ ಕೈಯಲ್ಲಿ ಬಲ ಹಾಕಿ ತಿರುವುವಾಗ ಪಾತ್ರೆ ಕದಲಬಾರದು. ಮಣ್ಣಿನ ಒಲೆಯ ಅಂಚು ಆ ಒತ್ತಡಕ್ಕೆ ಬಿರುಕು ಬಿಡುತ್ತದೆ. ಅಲ್ಲಿಂದ ಹೊಗೆ ಮನೆಯೊಳಗೇ. ಜೋಳದ ರೊಟ್ಟಿಯ ನಾಡಿನಲ್ಲಿ ಹಂಚಿಗೆ ಅಗಲ ಉರಿ ಬೇಕು, ಸಣ್ಣ ಬಾಯಿಯ ಒಲೆಯಲ್ಲಿ ಅದು ಸಿಗುವುದಿಲ್ಲ. ಇನ್ನು ಕೆಲವರು ಹೊಗೆ ಕೊಳವೆ ಗುಡಿಸಲೇ ಇಲ್ಲ. ತಿಂಗಳಿಗೊಮ್ಮೆ ಮಸಿ ತೆಗೆಯದಿದ್ದರೆ ಯಾವ ಒಲೆಯೂ ಹೊಗೆ ಬಿಡುತ್ತದೆ, ಅಲ್ವಾ? ಒಲೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ 'ನಿಮ್ಮ ಮನೆಯಲ್ಲಿ ಏನು ಅಡುಗೆ' ಅನ್ನುವುದು. ಇದನ್ನು ನಾನೂ ಕಲಿತದ್ದು ತಡವಾಗಿಯೇ.

ಕುಣಿಗಲ್ ಅಂದಾಗ ಪುರ ಅನ್ನುವ ಹಳ್ಳಿಯ ವಿಷಯ ಹೇಳಲೇಬೇಕು. ಅಸ್ತ್ರದವರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಗ್ಯಾಸ್ ಕೊಡಬೇಕು ಅಂತ ಹೊರಟಿದ್ದರು. ಊರಿನ ಸಗಣಿಯೆಲ್ಲ ಸೇರಿಸಿದರೂ ಎಲ್ಲರ ಅಡುಗೆಗೆ ಸಾಲಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಯೋಜನೆಯನ್ನೇ ಬದಲಾಯಿಸಿದರು. 1987ರಿಂದ ಆ ಗ್ಯಾಸನ್ನು ಸ್ವಲ್ಪ ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು ಕರೆಂಟು ಮಾಡಿದರು. ನಲ್ಲಿಯಲ್ಲಿ ನೀರು ಬಂತು, ಮನೆಗಳಲ್ಲಿ ದೀಪ ಬಂತು. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ದುಡ್ಡು, ಅವರ ಪಾಲಿನ ಗೊಬ್ಬರವೂ ವಾಪಸ್. ಎಂಜಿನ್ ನಡೆಸಿದ್ದು ಆ ಊರಿನ ಹುಡುಗರೇ. ಹತ್ತಿರ ಹತ್ತಿರ ಹತ್ತು ವರ್ಷ ನಡೆದು ಆಮೇಲೆ ನಿಂತಿತು. ಈಗ ಅಲ್ಲಿಗೆ ಸ್ಥಾವರ ನೋಡಲು ಹೋಗಿ ಅನ್ನುತ್ತಿಲ್ಲ. ಹೊರಡುವ ಮುಂಚೆ ಮಕ್ಕಳಿಗೆ ಈ ಕತೆ ಹೇಳಿ, ಅಷ್ಟೇ. ಊರಿನವರ ಮಾತು ಕೇಳಿ ದಾರಿ ಬದಲಿಸಿದ ವಿಜ್ಞಾನಿಗಳ ಬಗ್ಗೆ ನನಗೆ ಬಹಳ ಗೌರವ.

ಸೋಲಾರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದನ್ನು ನೀವು ಬೆಂಗಳೂರಿನಲ್ಲೇ ನೋಡಿದ್ದೀರಿ. ಹಳ್ಳಿಯಲ್ಲಿ ನೋಡಬೇಕಾದದ್ದು ಪ್ಯಾನೆಲ್ ಅಲ್ಲ, ಬ್ಯಾಟರಿ ಮತ್ತು ಬ್ಯಾಂಕಿನ ಕಂತು. 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರು ಮಾಡಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ದೊಡ್ಡ ಕೆಲಸ ಅಂದರೆ ಬಡವರ ಮನೆಯ ದೀಪಕ್ಕೂ ಬ್ಯಾಂಕು ಸಾಲ ಕೊಡಬಹುದು ಅಂತ ತೋರಿಸಿದ್ದು. ನೀವು ಹೋದ ಮನೆಯಲ್ಲಿ ಕಂತು ಹೇಗೆ ಕಟ್ಟಿದಿರಿ, ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತು, ಡಿಸ್ಟಿಲ್ಡ್ ವಾಟರ್ ಯಾರು ಹಾಕುತ್ತಾರೆ ಅಂತ ಕೇಳಿ. ಮೂರನೆಯ ಪ್ರಶ್ನೆಗೆ ಮನೆಯವರು ಥಟ್ಟನೆ ಉತ್ತರ ಕೊಟ್ಟರೆ ಆ ದೀಪ ಚೆನ್ನಾಗಿ ಉರಿಯುತ್ತಿದೆ ಅಂತಲೇ ಅರ್ಥ.

ಮಲೆನಾಡಿಗೆ ಹೋದರೆ ಮನೆಯ ಹಿಂದಿನ ಹಳ್ಳದಿಂದ ಕರೆಂಟು ಮಾಡುವ ಮನೆಯನ್ನು ಬಿಡಬೇಡಿ. ಶಿರಸಿಯ ಘಟ್ಟದ ಅಂಚಿನಲ್ಲಿ, ಶೃಂಗೇರಿ, ಕೊಪ್ಪ ಕಡೆ, ಬೆಳ್ತಂಗಡಿಯ ಮೇಲ್ಭಾಗದಲ್ಲಿ ಅಂಥ ಮನೆಗಳಿವೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ ಹತ್ತಿರ ಹತ್ತಿರ 1 ಕಿಲೋವ್ಯಾಟ್ ಸಿಗುತ್ತದೆ. ಮನೆಯ ದೀಪ, ಟಿವಿ, ಮಿಕ್ಸಿಗೆ ಸಾಕು. ನೀರಿನಿಂದ ತಿರುಗುವ ಚಕ್ರವನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ, ರಾತ್ರಿಯೆಲ್ಲ ತಿರುಗುತ್ತಿರುತ್ತದೆ. ಉಳಿದ ಕರೆಂಟನ್ನು ಎಷ್ಟೋ ಮನೆಗಳಲ್ಲಿ ಬಚ್ಚಲಿನ ನೀರು ಕಾಯಿಸಲು ಬಿಡುತ್ತಾರೆ. ಮಳೆಗಾಲದಲ್ಲಿ ಜಾಲರಿಗೆ ಎಲೆ ಕಟ್ಟಿಕೊಂಡು ದೀಪ ಮಂಕಾದರೆ, ರಾತ್ರಿ ಹತ್ತಾದರೂ ಟಾರ್ಚ್ ಹಿಡಿದು ಒಬ್ಬರು ಹಳ್ಳ ಹತ್ತಬೇಕು. ಡಿಸೆಂಬರಿನಲ್ಲಿ ನೀರು ಇಳಿಮುಖ, ಆದರೂ ಸುಮಾರು ಕಡೆ ಇನ್ನೂ ನಡೆಯುತ್ತಿರುತ್ತದೆ. ಫೋನಿನಲ್ಲೇ ವಿಚಾರಿಸಿಕೊಳ್ಳಿ.

ಮಳೆನೀರು ನೋಡಲು ಶಿರಸಿಗೆ ಹೋಗಬೇಡಿ, ಅಲ್ಲಿ ಅದರ ಕಷ್ಟ ಗೊತ್ತಾಗುವುದಿಲ್ಲ. ಬಾಗೇಪಲ್ಲಿ, ಪಾವಗಡ ಕಡೆ ಹೋಗಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲು ಕಂದಾಗುತ್ತದೆ. ಅಲ್ಲಿ ಚಾವಣಿ ನೀರು ಅಂದರೆ ಕುಡಿಯುವ ನೀರು. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 50 ಚದರ ಮೀಟರಿನ ಸಣ್ಣ ಚಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ ಅಂದುಕೊಳ್ಳಿ. 25,000 ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ಪೋಲಾದರೂ 20,000 ಉಳಿಯುತ್ತದೆ. ಐದು ಜನಕ್ಕೆ ತಲೆಗೆ ದಿನಾ 5 ಲೀಟರಿನಂತೆ ಕುಡಿಯಲು, ಅಡುಗೆಗೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ನಿಮ್ಮ ಅಪಾರ್ಟ್‌ಮೆಂಟಿನ ಚಾವಣಿಗೂ ಇದೇ ಲೆಕ್ಕ ಹಾಕಲು ಮಕ್ಕಳಿಗೆ ಹೇಳಿ. ಬಾಗೇಪಲ್ಲಿಗೆ ಬೆಳಗ್ಗೆ ಹೊರಟು ರಾತ್ರಿಗೆ ವಾಪಸ್ ಬರಬಹುದು. ಶಿರಸಿ, ಬಾಗೇಪಲ್ಲಿ ಎರಡನ್ನೂ ಒಂದೇ ಪ್ರವಾಸದಲ್ಲಿ ತುರುಕಬೇಡಿ.

ಮನೆಯೊಳಗೆ ಏನು ಕೇಳಬೇಕು ಅನ್ನುವುದನ್ನೂ ಹೇಳುತ್ತೇನೆ. 'ಇದರಿಂದ ಅನುಕೂಲ ಆಯಿತಾ' ಅಂತ ಕೇಳಬೇಡಿ. ಬಂದ ನೆಂಟರ ಮುಂದೆ ಯಾರೂ ಇಲ್ಲ ಅನ್ನುವುದಿಲ್ಲ. 'ಕೊನೆಯ ಸಲ ಕೆಟ್ಟಿದ್ದು ಯಾವಾಗ, ಸರಿ ಮಾಡಿದ್ದು ಯಾರು, ಸಾಮಾನು ಎಲ್ಲಿಂದ ತಂದಿರಿ' ಅಂತ ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಂಡಸರು ಚಾವಡಿಯಲ್ಲಿ ಕೂತು ಸ್ಥಾವರದ ಖರ್ಚು ಹೇಳುತ್ತಾರೆ, ಅದನ್ನೂ ಕೇಳಿ. ಆದರೆ ದಿನದ ಸತ್ಯ ಗೊತ್ತಿರುವುದು ಸಗಣಿ ಕಲಸುವವರಿಗೆ. ಅಡುಗೆಮನೆಯಲ್ಲಿ ಸಿಲಿಂಡರ್ ಕೂಡ ಕಾಣುತ್ತದೆ, ಬಚ್ಚಲ ಹಂಡೆಯ ಕೆಳಗೆ ಸೌದೆ ಉರಿಯುತ್ತಿರುತ್ತದೆ. ಮೂರೂ ಒಂದೇ ಮನೆಯಲ್ಲಿ. ಇದನ್ನು ನೋಡಿ ನಿರಾಸೆ ಪಡಬೇಡಿ. ನೆಂಟರು ಬಂದಾಗ ಸಿಲಿಂಡರ್, ದಿನದ ಅನ್ನ ಸಾರಿಗೆ ಗೋಬರ್ ಗ್ಯಾಸ್, ಸ್ನಾನಕ್ಕೆ ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಸೋಗೆ, ಹಾಳೆ. ಇರುವುದನ್ನು ಯಾವುದಕ್ಕೆ ಎಷ್ಟು ಅಂತ ಹಂಚುವ ಆ ಲೆಕ್ಕದಲ್ಲೇ ಜಾಣತನ ಇದೆ.

ಅಡುಗೆಮನೆಗೆ ಕರೆಯದೆ ಹೋಗಬೇಡಿ. ಕೆಲವು ಮನೆಗಳಲ್ಲಿ ಮಡಿ ಇರುತ್ತದೆ, ಅದನ್ನು ಗೌರವಿಸಿ. ನಿಮ್ಮ ಗುಂಪಿನ ಹೆಂಗಸರು ಒಬ್ಬರು ಮೊದಲು ಹೋಗಿ ಮಾತಾಡಲಿ. ಫೋಟೋ ಕೇಳಿ ತೆಗೆಯಿರಿ, ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಊಟಕ್ಕೆ ದುಡ್ಡು ಕೊಟ್ಟರೆ ಮಲೆನಾಡಿನ ಮನೆಗಳಲ್ಲಿ ನೊಂದುಕೊಳ್ಳುತ್ತಾರೆ. ಅದರ ಬದಲು ಅವರಲ್ಲಿ ಮಾರಲು ಇಟ್ಟ ಜೋನಿ ಬೆಲ್ಲವೋ ಅಪ್ಪೆಮಿಡಿ ಉಪ್ಪಿನಕಾಯಿಯೋ ಇದ್ದರೆ ಹೇಳಿದ ಬೆಲೆಗೆ ಕೊಳ್ಳಿ. ಒಂದು ಹೊತ್ತಿನ ಊಟ ಹೊರಗಿನಿಂದ ನೀವೇ ಕಟ್ಟಿಸಿಕೊಂಡು ಹೋಗಿ, ಅವರ ಗ್ಯಾಸ್ ಅವರಿಗೆ ಉಳಿಯಲಿ. ಅದು ಕೊಡಿಸುತ್ತೇವೆ, ಇದು ಮಾಡಿಸುತ್ತೇವೆ ಅಂತ ಮಾತು ಕೊಡಬೇಡಿ.

ಕೊನೆಯದಾಗಿ ತಾರೀಖು. ಡಿಸೆಂಬರ್ ಅಂದರೆ ಶಿರಸಿ ಕಡೆ ಅಡಿಕೆ ಕೊಯ್ಲಿನ ಕಾಲ. ಹಗಲಿಡೀ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವುದು, ರಾತ್ರಿ ಸುಲಿಯುವುದು, ದೊಡ್ಡ ಒಲೆಯಲ್ಲಿ ಬೇಯಿಸುವುದು. ನೋಡಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ, ಮನೆಯವರಿಗೆ ಅದಕ್ಕಿಂತ ಪುರುಸೊತ್ತಿಲ್ಲದ ಕಾಲವೂ ಇಲ್ಲ. ಟಿಕೆಟ್ ಮಾಡಿಸಿ ಆಮೇಲೆ ಫೋನ್ ಮಾಡಬೇಡಿ. ಮೊದಲು ಫೋನ್ ಮಾಡಿ, ಕೊಯ್ಲು ಯಾವ ದಿನ ಅಂತ ಕೇಳಿ, ಯಾವತ್ತು ಬರಬೇಕು ಅನ್ನುವುದನ್ನು ಅವರೇ ಹೇಳಲಿ.